ಮಿಲಿಗ್ರಾಂ ಸಾಹೇಬರ ನಾಲ್ಕನೇ ಪಿಸ್ಟನ್

ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರಿಗೆ ಈ ಲೋಕದ ಮೇಲಿದ್ದ ದೂರು ಒಂದೇ: ಇಲ್ಲಿ ಯಾವುದೂ ಸಮವಾಗಿಲ್ಲ. ಅಂಗಡಿಯ ತಕ್ಕಡಿ ಸಮವಿಲ್ಲ, ಎಣ್ಣೆ ಅಳೆಯುವ ಲೀಟರಿನ ತಳ ಸಮವಿಲ್ಲ, ಬಟ್ಟೆ ಅಂಗಡಿಯ ಮೀಟರ್ ಕೋಲು ಸಮವಿಲ್ಲ. ಇವನ್ನೆಲ್ಲ ಹಿಡಿದು, ಮುಟ್ಟುಗೋಲು ಹಾಕಿ, ಸುಸ್ತಾಗಿ ಮನೆಗೆ ಬಂದರೆ ಹೆಂಡತಿ ಕೊಯ್ದಿಟ್ಟ ಬ್ರೆಡ್ಡಿನ ಚೂರುಗಳೂ ಸಮವಿಲ್ಲ. ಅಂಗಡಿಯವರೆಲ್ಲ ಸೇರಿ ಅವರಿಗೆ 'ಮಿಲಿಗ್ರಾಂ ಸಾಹೇಬರು' ಎಂದು ಹೆಸರಿಟ್ಟಿದ್ದರು. (ಎದುರಿಗಲ್ಲ. ಎದುರಿಗೆ 'ಬನ್ನಿ ಸಾರ್, ಕೂತ್ಕೊಳ್ಳಿ ಸಾರ್' ಅನ್ನುತ್ತಿದ್ದರು.) ಸಾಹೇಬರಿಗೆ ಆ ಹೆಸರು ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಅವರ ಹೆಂಡತಿ ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯಲ್ಲೇ ಕ್ಲಿನಿಕ್ಕು. ಹಗಲೆಲ್ಲ ಊರಿನವರ ಬಾಯಿ ತೆರೆಸುವುದು, ಸಂಜೆ ಗಂಡನ ಬಾಯಿ ಮುಚ್ಚಿಸುವುದು ಅವರ ದಿನಚರಿ. ಎರಡರಲ್ಲೂ ಎತ್ತಿದ ಕೈ. ಡಾಕ್ಟರಮ್ಮನ ತಾಯಿ, ಅಂದರೆ ಸಾಹೇಬರ ಅತ್ತೆ, ಇವರ ಜೊತೆಯಲ್ಲೇ ಇದ್ದರು. ಹೆಚ್ಚು ಮಾತಿಲ್ಲ, ದೂರಿಲ್ಲ. ಅಳಿಯನನ್ನು 'ಅಳಿಯಂದ್ರೇ' ಎಂದು ಬಹುವಚನದಲ್ಲೇ ಕರೆಯುವ ಮರ್ಯಾದಸ್ಥೆ. ಅವರು ಈ ಮನೆಗೆ ಬರುವಾಗ ತಂದದ್ದು ಎರಡು ಪೆಟ್ಟಿಗೆ ಮತ್ತು ತೀರಿಹೋದ ಗಂಡನ ಹಳೇ ಕಾರು. ಪೆಟ್ಟಿಗೆಗಳು ಮಂಚದ ಕೆಳಗೆ ಹೋದವು. ಕಾರು ಹಿತ್ತಿಲ ಶೆಡ್ಡಿಗೆ ಹೋಯಿತು, ಅದೂ ಹಗ್ಗ ಕಟ್ಟಿ ಎಳೆಸಿಕೊಂಡು. ಅಲ್ಲಿ ಒಂಬತ್ತು ವರ್ಷ ಟಾರ್ಪಾಲು ಹೊದ್ದು ಮಲಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಸಾಹೇಬರ ಭಾಮೈದ ಸ್ಕೂಟರಿನಲ್ಲಿ ಬಂದಿಳಿದ. ಬಂದವನು ಕೈ ತೊಳೆಯುವ ಮೊದಲೇ ಬಾಂಬು ಹಾಕಿದ.

"ಅಮ್ಮಾ, ಕಾರಿಗೆ ಗಿರಾಕಿ ಸಿಕ್ಕಿದ್ದಾರೆ. ಹೆದ್ದಾರಿ ಹತ್ರ ಹೊಸ ಹೋಟೆಲ್ ಕಟ್ಟಿಸ್ತಿದ್ದಾರಲ್ಲ, ಅವರು. ಬಾಗಿಲಲ್ಲಿ ನಿಲ್ಲಿಸಿ, ಎಂಜಿನ್ ಕಿತ್ತಾಕಿ, ಆ ಜಾಗದಲ್ಲಿ ಮಣ್ಣು ತುಂಬಿ ಹೂಗಿಡ ಹಾಕ್ತಾರಂತೆ. ನೋಡೋಕೆ ಚೆನ್ನಾಗಿರುತ್ತೆ."

ಅತ್ತೆ ಕೈಯಲ್ಲಿದ್ದ ನೀರಿನ ಲೋಟವನ್ನು ಮೇಜಿನ ಮೇಲಿಟ್ಟರು. "ಹೂವಾದ್ರೂ ಹಾಕ್ಲಿ, ಹುಲ್ಲಾದ್ರೂ ಹಾಕ್ಲಿ. ಆದ್ರೆ ಈಗಲ್ಲ. ಇನ್ನು ಮೂರು ತಿಂಗಳಿಗೆ ನನಗೆ ಎಪ್ಪತ್ತೈದು ತುಂಬುತ್ತೆ. ಅವತ್ತು ನಾನು ಆ ಕಾರಿನ ಮುಂದಿನ ಸೀಟಲ್ಲಿ ಕೂತ್ಕೊಂಡು ನೀರಿನ ಟ್ಯಾಂಕಿನ ಗುಡ್ಡ ಹತ್ತಬೇಕು. ಒಂದೇ ಒಂದು ಸಲ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ಒಂಬತ್ತು ವರ್ಷದಲ್ಲಿ ಆಕೆ ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಡಾಕ್ಟರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಹೇಬರ ಕಣ್ಣ ಮುಂದೆ ಚಿತ್ರ ಮೂಡಿತು: ಗಂಡನ ಪಕ್ಕ ಕೂತು ಗುಡ್ಡ ಹತ್ತಿದ ಹಳೆಯ ಸಂಜೆಗಳು, ತಂಗಾಳಿ, ಕೆಳಗೆ ಊರಿನ ದೀಪಗಳು... ಪಾಪ, ಆ ಜೀವಕ್ಕೆ ಎಷ್ಟು ನೆನಪಿರಬೇಡ! ಅನ್ನಿಸಿದ್ದೇ ತಡ, ಅವರು ಕುರ್ಚಿಯಿಂದೆದ್ದು ನಿಂತರು.

"ಅತ್ತೆ, ನಿಮ್ಮನ್ನ ಆ ಗುಡ್ಡಕ್ಕೆ ಕರಕೊಂಡು ಹೋಗೋದು ನನ್ನ ಜವಾಬ್ದಾರಿ. ಎಂಜಿನ್ನು ಪೂರ್ತಿ ಬಿಚ್ಚಿ, ಹೊಸದು ಮಾಡಿ, ನಾನೇ ಕೂರಿಸ್ತೀನಿ."

"ಭಾವ," ಅಂದ ಭಾಮೈದ, "ನಿಮಗೆ ಸೈಕಲ್ ಪಂಕ್ಚರ್ ಹಾಕೋಕೆ ಬರುತ್ತಾ?"

"ಎಂಜಿನ್ ಅಂದ್ರೆ ಏನಯ್ಯ? ಅಳತೆ. ಅಳತೆ ಅಂದ್ರೆ ಯಾರು? ನಾನು."

"ಸರಿ, ಹಾಗಾದ್ರೆ ಒಂದು ಮಾತು. ಅವತ್ತು ಕಾರು ಗುಡ್ಡ ಹತ್ತಿದ್ರೆ ಅದು ನಿಮ್ಮನೇಲೇ ಇರಲಿ. ಹತ್ತದಿದ್ರೆ ಮಾರನೇ ದಿನವೇ ಹೋಟೆಲಿನೋರು ಬಂದು ಎತ್ಕೊಂಡು ಹೋಗ್ತಾರೆ."

"ಒಪ್ಪಿದೆ," ಎಂದರು ಸಾಹೇಬರು. ಡಾಕ್ಟರಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು. ಅರಿವಳಿಕೆ ಕೊಡದೆ ಹಲ್ಲು ಕೀಳಿಸಿಕೊಳ್ಳಲು ಹೊರಟ ರೋಗಿಯನ್ನು ಅವರು ಹಾಗೆ ನೋಡುವುದುಂಟು.

ಆ ಸಂಜೆಯಿಂದಲೇ ಶೆಡ್ಡಿನಲ್ಲಿ ಮಹಾಯಜ್ಞ ಶುರುವಾಯಿತು. ಬಿಚ್ಚಿದ ಒಂದೊಂದು ನಟ್ಟನ್ನೂ ಸಾಹೇಬರು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಚೀಟಿ ಅಂಟಿಸಿ, ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. (ಯಾಕೆ ತೂಗಬೇಕು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರಿಗೂ ಗೊತ್ತಿರಲಿಲ್ಲ.) ಮನೆಯವರು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು. ಊರಿನ ಲೇತ್ ಮೇಸ್ತ್ರಿ, ಕಬ್ಬಿಣ ಕೊರೆದು ಕೊರೆದು ಕಿವಿ ಅರ್ಧ ಮಂದವಾದ ಮನುಷ್ಯ, ಎಂಜಿನ್ನಿನ ಕಬ್ಬಿಣದ ದಿಮ್ಮಿ, ಅಂದರೆ ಬ್ಲಾಕನ್ನು ಒಯ್ದು, ಅದರ ನಾಲ್ಕು ಸಿಲಿಂಡರ್ ಕೊಳವೆಗಳನ್ನು ಕೊರೆದು ನುಣುಪು ಮಾಡಿ ತಂದುಕೊಟ್ಟ. ಅದಕ್ಕೊಪ್ಪುವ ಹೊಸ ಪಿಸ್ಟನ್‌ಗಳು ಎಲ್ಲೋ ದೂರದ ಊರಿನಿಂದ ಬರಬೇಕಿತ್ತು. ಬರಲು ಎರಡು ತಿಂಗಳು ಹಿಡಿಯಿತು. ಅಷ್ಟು ಹೊತ್ತಿಗೆ ಹುಟ್ಟುಹಬ್ಬಕ್ಕೆ ಉಳಿದದ್ದು ಮೂರು ವಾರ.

ಪಿಸ್ಟನ್ ಅಂದರೆ ಬೋರಲು ಹಾಕಿದ ಲೋಟದಂಥ ವಸ್ತು. ಕೆಳಗೆ ಅದಕ್ಕೊಂದು ಉಕ್ಕಿನ ತೋಳು. ಮೇಸ್ತ್ರಿಯ ಭಾಷೆಯಲ್ಲಿ ರಾಡು. ಎಂಜಿನ್ ತಿರುಗಿದಾಗ ಆ ತೋಳು ಲೋಟವನ್ನು ಸಿಲಿಂಡರಿನೊಳಗೆ ಮೇಲಕ್ಕೆ ನೂಕುತ್ತದೆ, ಕೆಳಕ್ಕೆ ಎಳೆಯುತ್ತದೆ. ಪೂರ್ತಿ ಮೇಲೆ ಬಂದಾಗ ಲೋಟದ ತಲೆ ಬ್ಲಾಕಿನ ಮೇಲ್ಮೈಗಿಂತ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಒಂದು ಲೆಕ್ಕವಿದೆ. ಹೆಚ್ಚಾದರೆ ಮೇಲಿನ ಮುಚ್ಚಳಕ್ಕೆ ಗುದ್ದುತ್ತದೆ, ಕಡಿಮೆಯಾದರೆ ಎಂಜಿನ್ನಿಗೆ ದಮ್ಮೇ ಇರುವುದಿಲ್ಲ. ಆ ಲೆಕ್ಕ ಮಾವನವರ ರಿಪೇರಿ ಪುಸ್ತಕದಲ್ಲಿತ್ತು. ಇತ್ತು ಅಂದರೆ, ಆ ಪುಟವಿತ್ತು. ಅಂಕಿ ಇರಬೇಕಾದ ಜಾಗದಲ್ಲೇ ಹುಳು ತಿಂದು ತೂತು.

ಸಾಹೇಬರು ಎದೆಗುಂದಲಿಲ್ಲ. ನಾಲ್ಕು ಹೊಸ ಪಿಸ್ಟನ್‌ಗಳನ್ನೂ ಹಳೆಯ ತೋಳುಗಳಿಗೇ ಸಿಕ್ಕಿಸಿ ಕೂರಿಸಿ, ಒಂದೊಂದನ್ನೂ ಮೇಲಕ್ಕೆ ತಂದು, ಮೇಲೆ ಗಡಿಯಾರದಂಥ ಅಳತೆಯಂತ್ರ ಇಟ್ಟು ಉಸಿರು ಬಿಗಿಹಿಡಿದು ನೋಡಿದರು. ಒಂದನೆಯದು ಬ್ಲಾಕಿಗಿಂತ ಒಂದು ಪಾಯಿಂಟ್ ಎರಡು ಮಿಲಿಮೀಟರ್ ಮೇಲೆ. ಎರಡನೆಯದು ಒಂದು ಪಾಯಿಂಟ್ ಎರಡು. ಮೂರನೆಯದೂ ಅಷ್ಟೇ. ನಾಲ್ಕನೆಯದರ ಮೇಲಿಟ್ಟಾಗ ಮುಳ್ಳು ಕದಲಲಿಲ್ಲ.

ಸೊನ್ನೆ!

ಬ್ಲಾಕಿಗೆ ಸರಿಸಮ. ಬೆರಳಾಡಿಸಿದರೆ ಎಲ್ಲಿ ಬ್ಲಾಕು ಮುಗಿಯಿತು, ಎಲ್ಲಿ ಪಿಸ್ಟನ್ ಶುರುವಾಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ. ಸಾಹೇಬರಿಗೆ ರೋಮಾಂಚನವಾಯಿತು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಒಂದು ತಕ್ಕಡಿಯೂ ಅವರಿಗೆ ಇಷ್ಟು ನಿಖರವಾದ ಸೊನ್ನೆ ತೋರಿಸಿರಲಿಲ್ಲ. ಈ ಕೆಟ್ಟ ಲೋಕದಲ್ಲಿ ಕೊನೆಗೂ ಒಂದು ಪ್ರಾಮಾಣಿಕ ವಸ್ತು! ಉಳಿದ ಮೂರು ತಲೆ ಎತ್ತಿಕೊಂಡು ಮೆರೆಯುತ್ತಿವೆ, ಅವುಗಳ ತಲೆ ಸವರಬೇಕು ಎಂದು ಅಲ್ಲೇ ತೀರ್ಪು ಕೊಟ್ಟುಬಿಟ್ಟರು.

ಲೇತ್ ಮೇಸ್ತ್ರಿಗೆ ತೀರ್ಪು ಹಿಡಿಸಲಿಲ್ಲ. "ಮೂರು ಒಂದೇ ತರ ಇವೆ, ಒಂದು ಬೇರೆ ಇದೆ. ನೀವು ಮೂರನ್ನ ಕಡಿ ಅಂತೀರಲ್ಲ ಸಾರ್?"

"ಬೀದೀಲಿ ಹತ್ತು ಅಂಗಡಿ ಇದ್ರೆ ಒಂಬತ್ತು ಜನ ತೂಕದಲ್ಲಿ ಮೋಸ ಮಾಡ್ತಾರೆ. ಹಾಗಂತ ಸರಿಯಾಗಿರೋ ಒಬ್ಬನನ್ನ ಹಿಡೀತೀನಾ ನಾನು?"

ಮೇಸ್ತ್ರಿ ಕಿವಿ ಕೆರೆದುಕೊಂಡ. "ಆಯ್ತು ಸಾರ್. ಆದ್ರೆ ಕಡಿಯೋ ಮುಂಚೆ ಒಂದು ಸಲ ಮೆತ್ತಗಿನ ಪರೀಕ್ಷೆ ಮಾಡಿ. ಪಿಸ್ಟನ್ ತಲೆ ಮೇಲೆ ಮೆತ್ತಗಿರೋದು ಏನಾದ್ರೂ ಇಟ್ಟು, ಮೇಲೆ ಮುಚ್ಚಳ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಆಮೇಲೆ ಬಿಚ್ಚಿ ನೋಡಿದ್ರೆ ಅದು ಎಷ್ಟು ಚಪ್ಪಟೆ ಆಗಿದ್ಯೋ, ಮೇಲೆ ಅಷ್ಟೇ ಜಾಗ ಇದೆ ಅಂತ ಅರ್ಥ. ತಗಲ್ತಿದ್ರೆ ಕಡಿಯೋಣ."

ಮೆತ್ತಗಿರುವುದು ಅಂದರೆ ಏನು? ಸಾಹೇಬರು ಮನೆಯಲ್ಲೆಲ್ಲ ಹುಡುಕಿ, ಕೊನೆಗೆ ಕ್ಲಿನಿಕ್ಕಿಗೆ ನುಗ್ಗಿ ಕಪಾಟಿನಿಂದ ಗುಲಾಬಿ ಬಣ್ಣದ ಮೇಣದ ಹಾಳೆಗಳನ್ನು ಎತ್ತಿಕೊಂಡು ಬಂದರು. ರೋಗಿಗಳಿಗೆ ಕಚ್ಚಿಸಿ ಹಲ್ಲಿನ ಗುರುತು ತೆಗೆಯುವ ಮೇಣ ಅದು. ಕಾಲು ಗಂಟೆಯಲ್ಲಿ ಮನೆಯ ಮುಂದಿನಿಂದ ಕೂಗು ಕೇಳಿಸಿತು.

"ರೀ! ನನ್ನ ಮೇಣ ಎಲ್ಲಿ?"

ಎರಡು ನಿಮಿಷದಲ್ಲಿ ಕೈಗವಸು, ಮುಖಗವಸು ಸಮೇತ ಡಾಕ್ಟರಮ್ಮ ಶೆಡ್ಡಿನ ಬಾಗಿಲಲ್ಲಿ ಪ್ರತ್ಯಕ್ಷರಾದರು. ಆಗಷ್ಟೇ ಸಾಹೇಬರು ಮುಚ್ಚಳ ಬಿಚ್ಚಿ, ಒತ್ತಿಸಿಕೊಂಡ ನಾಲ್ಕು ಮೇಣದ ತುಂಡುಗಳನ್ನು ತೆಗೆದಿಟ್ಟಿದ್ದರು.

"ಅಲ್ರೀ, ಅಲ್ಲೊಬ್ರು ಬಾಯಿ ಬಿಟ್ಕೊಂಡು ಕೂತಿದ್ದಾರೆ. ನೀವು ಇಲ್ಲಿ ಎಂಜಿನ್ನಿಗೆ ಹಲ್ಲಿನ ಸೆಟ್ ಮಾಡಿಸ್ತಿದ್ದೀರಾ?"

"ಶ್! ವೈಜ್ಞಾನಿಕ ಪರೀಕ್ಷೆ ನಡೀತಾ ಇದೆ."

ಬೈಯಲು ಬಂದ ಡಾಕ್ಟರಮ್ಮನಿಗೆ ಕಸುಬಿನ ಚಪಲ ತಡೆಯಲಾಗಲಿಲ್ಲ. ಮೇಣದ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಮೂರರಲ್ಲಿ ಮೇಣ ಒಂದೂವರೆ ಮಿಲಿಮೀಟರಿನಷ್ಟು ಉಳಿದಿತ್ತು. ನಾಲ್ಕನೆಯದರಲ್ಲಿ ಹೆಚ್ಚೂಕಡಿಮೆ ಅದರ ಎರಡರಷ್ಟು ದಪ್ಪ.

"ಇದ್ರಲ್ಲಿ ಯಾವುದೂ ಮೇಲಕ್ಕೆ ತಗಲ್ತಾ ಇಲ್ವಲ್ಲ. ಮೂರೂ ನೀಟಾಗಿ ಕಚ್ಚಿವೆ. ಮತ್ಯಾಕೆ ಉಜ್ಜೋದು?"

"ಪ್ರಶ್ನೆ ತಗಲೋದಲ್ಲ ಕಣೇ. ಪ್ರಶ್ನೆ ತತ್ವದ್ದು. ಸಮ ಅಂದ್ರೆ ಸಮ."

"ನಿಮ್ಮ ತತ್ವ ಹಾಳಾಗ್ಲಿ. ಈ ನಾಲ್ಕನೇದು ಯಾಕೆ ಗಿಡ್ಡ ಆಗಿದೆ ಅಂತ ಕೇಳಿದ್ರಾ?"

"ಗಿಡ್ಡ ಅಲ್ಲ! ಅದೊಂದೇ ಸರಿಯಾಗಿರೋದು."

"ನನ್ನ ಹತ್ರ ಬರೋರಲ್ಲಿ ಒಂದು ಹಲ್ಲು ಗಿಡ್ಡ ಇದ್ರೆ ನಾನು ಮಿಕ್ಕಿದ್ದೆಲ್ಲ ಉಜ್ಜಿ ಸಮ ಮಾಡ್ತೀನಾ? ಆ ಒಂದಕ್ಕೆ ಏನು ರೋಗ ಅಂತ ನೋಡ್ತೀನಿ. ಬೇರು ನೋಡ್ತೀನಿ."

"ಇದು ಎಂಜಿನ್ನು, ಬಾಯಲ್ಲ. ನಿನ್ನ ವೈದ್ಯ ಇಲ್ಲಿ ನಡೆಯಲ್ಲ. ಹೋಗು, ಅವರು ಬಾಯಿ ಬಿಟ್ಕೊಂಡು ಕೂತಿದ್ದಾರಂತಲ್ಲ."

"ಹೋಗ್ತೀನಿ. ಅವರಾದ್ರೂ ಬಾಯಿ ಬಿಟ್ಕೊಂಡಿದ್ರೂ ಸುಮ್ಮನಿರ್ತಾರೆ," ಎಂದು ಮೇಣ ಕಿತ್ತುಕೊಂಡು ಹೋದರು.

ಹೆಂಡತಿ ಬೇಡ ಅಂದ ಮೇಲೆ ಇನ್ನು ಯೋಚಿಸಲು ಏನಿದೆ? ಸಾಹೇಬರು ಮರುದಿನವೇ ಮೂರು ಪಿಸ್ಟನ್‌ಗಳನ್ನೂ ಹೊರತೆಗೆದು ಟವೆಲಿನಲ್ಲಿ ಸುತ್ತಿಕೊಂಡು ಲೇತ್ ಶಾಪಿಗೆ ಹೋದರು. ಮೇಸ್ತ್ರಿ ಒಂದು ಬಿಳಿ ಹಾಳೆ ಮುಂದಿಟ್ಟ.

"ಬರೆದುಕೊಡಿ ಸಾರ್. ಕಡಿದದ್ದು ಮತ್ತೆ ಬೆಳೆಯಲ್ಲ."

ಸಾಹೇಬರು ಬರೆದರು: 'ಮೇಲ್ಕಂಡ ಮೂರು ಪಿಸ್ಟನ್‌ಗಳು ನಿಗದಿತ ಎತ್ತರವನ್ನು ಮೀರಿರುವುದು ತಪಾಸಣೆಯಿಂದ ದೃಢಪಟ್ಟಿರುವುದರಿಂದ, ಸದರಿಯವುಗಳ ತಲೆಗಳನ್ನು ತಲಾ 1.2 ಮಿ.ಮೀ. ಕಡಿತಗೊಳಿಸತಕ್ಕದ್ದು.' ಕೆಳಗೆ ರುಜು, ದಿನಾಂಕ. ಲೇತ್ ತಿರುಗಿತು. ಬೆಳ್ಳಿಯಂಥ ಸುರುಳಿ ಸುರುಳಿ ಪುಡಿ ಉದುರಿತು. ಸಾಹೇಬರು ಆನಂದದಿಂದ ಕಣ್ಣು ಮುಚ್ಚಿದರು.

ಸಂಜೆ ಎಲ್ಲವನ್ನೂ ಕೂರಿಸಿ ಮನೆಮಂದಿಯನ್ನೆಲ್ಲ ಶೆಡ್ಡಿಗೆ ಕರೆದರು. ಉಕ್ಕಿನ ಪಟ್ಟಿಯೊಂದನ್ನು ಬ್ಲಾಕಿನ ಮೇಲಿಟ್ಟು, ಪಿಸ್ಟನ್‌ಗಳನ್ನು ಒಂದಾದ ಮೇಲೊಂದರಂತೆ ಮೇಲಕ್ಕೆ ತಂದು ತೋರಿಸಿದರು. ನಾಲ್ಕೂ ಸೊನ್ನೆ. ಪಟ್ಟಿಯ ಕೆಳಗೆ ಬೆಳಕು ಕೂಡ ತೂರುತ್ತಿರಲಿಲ್ಲ. ಅತ್ತೆ ಬಗ್ಗಿ ನೋಡಿ, "ಚೆನ್ನಾಗಿದೆ ಅಳಿಯಂದ್ರೇ. ಹತ್ತುತ್ತೆ ತಾನೆ?" ಅಂದರು.

"ಹತ್ತೋದೇನು ಅತ್ತೆ, ಹಾರುತ್ತೆ!"

ಹಾಗೆಂದು ಎಂಜಿನ್ನನ್ನು ಕೈಯಿಂದ ಇನ್ನೊಂದು ಸುತ್ತು ತಿರುಗಿಸಿದರು. ನಾಲ್ಕನೆಯ ಸಿಲಿಂಡರಿನಿಂದ 'ಕರ್ರ್' ಎಂದಿತು. ಮತ್ತೆ ತಿರುಗಿಸಿದರು. ಮತ್ತೆ 'ಕರ್ರ್'. ಪ್ರಾಮಾಣಿಕ ವಸ್ತು ಗೊಣಗುತ್ತಿತ್ತು.

"ಹೊಸದಲ್ವಾ, ಸ್ವಲ್ಪ ಬಿಗಿ ಇರುತ್ತೆ," ಎಂದರು ಸಾಹೇಬರು.

ಡಾಕ್ಟರಮ್ಮ ಕ್ಲಿನಿಕ್ಕಿಗೆ ಹೋಗಿ, ಬಾಯಿಯೊಳಗೆ ನೋಡುವ ಪುಟ್ಟ ಕನ್ನಡಿ ಮತ್ತು ಟಾರ್ಚು ತಂದರು. ಪಿಸ್ಟನ್ನನ್ನು ಕೆಳಕ್ಕೆ ಇಳಿಸಲು ಹೇಳಿ, ಕನ್ನಡಿಯನ್ನು ಸಿಲಿಂಡರಿನೊಳಗೆ ಇಳಿಬಿಟ್ಟರು. ಅಭ್ಯಾಸಬಲದಿಂದ "ಆ ಅನ್ನಿ" ಎಂದೂ ಅಂದರು.

"ನೋಡ್ರೀ ಇಲ್ಲಿ. ಗೋಡೆ ಒಂದೇ ಕಡೆ ಉಜ್ಜಿದೆ, ಇನ್ನೊಂದು ಕಡೆ ಸೋಕೇ ಇಲ್ಲ. ನಾನಾಗಿದ್ರೆ ಹಲ್ಲು ವಾಲಿದೆ ಅಂತಿದ್ದೆ."

ಸಾಹೇಬರು ಆ ರಾತ್ರಿಯೇ ಮೇಸ್ತ್ರಿಗೆ ಹೇಳಿಕಳಿಸಿದರು. ಬೆಳಗಾಗುತ್ತಲೇ ಲೇತ್ ಮೇಸ್ತ್ರಿ ಬಂದ. ನಾಲ್ಕು ಪಿಸ್ಟನ್‌ಗಳನ್ನೂ ಅವುಗಳ ತೋಳುಗಳಿಂದ ಬೇರ್ಪಡಿಸಿ, ತೋಳುಗಳನ್ನು ಗಾಜಿನ ಹಲಗೆಯ ಮೇಲೆ ಅಕ್ಕಪಕ್ಕ ಮಲಗಿಸಿದ. ಮೂರು ತೋಳು ಹಲಗೆಗೆ ಅಂಟಿಕೊಂಡು ಮಲಗಿದವು. ನಾಲ್ಕನೆಯದು ಮಲಗಲಿಲ್ಲ. ಒಂದು ತುದಿ ಒತ್ತಿದರೆ ಇನ್ನೊಂದು ತುದಿ 'ಟಕ್' ಎಂದು ಎದ್ದು ನಿಲ್ಲುತ್ತಿತ್ತು.

"ಬಗ್ಗಿದೆ ಸಾರ್," ಎಂದ ಮೇಸ್ತ್ರಿ. "ತೋಳು ಬಗ್ಗಿದ್ದಕ್ಕೇ ಇದು ಪೂರ್ತಿ ಮೇಲೆ ಬರ್ತಿರಲಿಲ್ಲ. ಮಿಕ್ಕ ಮೂರು ಸರಿಯಾಗಿಯೇ ಇದ್ವು. ಈ ಎಂಜಿನ್ನಲ್ಲಿ ಪಿಸ್ಟನ್ನು ಒಂದು ಚೂರು ಮೇಲೆ ಬರಬೇಕು ಅಂತ ಕಾಣುತ್ತೆ. ಅದಕ್ಕೇ ಮುಚ್ಚಳದಲ್ಲಿ ಜಾಗ ಬಿಟ್ಟಿದ್ದಾರೆ."

ಬಾಗಿಲಲ್ಲಿ ನಿಂತಿದ್ದ ಅತ್ತೆ ತಣ್ಣಗೆ ಹೇಳಿದರು: "ಓ, ಅದಾ? ಒಂದ್ಸಲ ಜೋರು ಮಳೆ ಬಂದು ರಸ್ತೆ ತುಂಬ ನೀರು ನಿಂತಿತ್ತು. ಬೇಡಾಂದ್ರೂ ಕೇಳದೆ ನಮ್ಮ ಯಜಮಾನ್ರು ನುಗ್ಗಿಸಿದ್ರು. ಒಳಗೆ ನೀರು ಹೋಗಿ ಠಕ್ ಅಂತು. ಆಮೇಲೆ ಕೊನೇತನಕ ಕುಂಟ್ತಾನೇ ಓಡ್ತು."

"ಇದನ್ನ ಮುಂಚೆ ಹೇಳಬಾರದಿತ್ತಾ ಅತ್ತೆ?"

"ನೀವು ಕೇಳಿದ್ರಾ? ಯಂತ್ರ ಇಟ್ಟು ಅಳೀತಾ ಇದ್ರಿ."

ಮೇಸ್ತ್ರಿ ಬಗ್ಗಿದ ತೋಳನ್ನು ಕೈಯಲ್ಲಿ ತಿರುಗಿಸುತ್ತ, ಮುಖದಲ್ಲಿ ನಗು ಬಾರದ ಹಾಗೆ ಬಹಳ ಕಷ್ಟಪಟ್ಟು ಕೇಳಿದ: "ಸಾರ್, ಹೋದ ವರ್ಷ ನಮ್ಮ ಭಾವನ ಅಂಗಡೀಲಿ ತಕ್ಕಡಿ ದಂಡ ಕೂದಲಷ್ಟು ಬಗ್ಗಿದೆ ಅಂತ ಬಾಗಿಲಲ್ಲಿ ನಿಂತೇ ಕಂಡುಹಿಡಿದ್ರಲ್ಲ, ಅದು ನೀವೇ ಅಲ್ವಾ?"

ಸಾಹೇಬರು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಬ್ಲಾಕಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಡಾಕ್ಟರಮ್ಮ 'ನಾನು ಹೇಳಿರಲಿಲ್ವಾ' ಎನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿ ಇತ್ತು. ಅವರು ಒಂದು ಲೋಟ ಕಾಫಿ ತಂದು ಗಂಡನ ಕೈಗಿಟ್ಟರು. ಅದರಿಂದ ಸಾಹೇಬರಿಗೆ ಪರಿಸ್ಥಿತಿ ಎಷ್ಟು ಗಂಭೀರ ಅನ್ನುವುದು ಮನದಟ್ಟಾಯಿತು.

ಈಗ ಏನು ಮಾಡುವುದು? ಬಗ್ಗಿದ ತೋಳನ್ನು ಒತ್ತಿ ನೆಟ್ಟಗೆ ಮಾಡಬಹುದಿತ್ತು. ಮಾಡಿದರೆ ನಾಲ್ಕನೆಯದು ಒಂದು ಪಾಯಿಂಟ್ ಎರಡು ಮೇಲೇಳುತ್ತದೆ, ತಲೆ ಕಡಿಸಿಕೊಂಡ ಮೂರು ಸೊನ್ನೆಯಲ್ಲೇ ನಿಲ್ಲುತ್ತವೆ. ಹೊಸ ಪಿಸ್ಟನ್ ತರಿಸಲು ಮತ್ತೆ ಎರಡು ತಿಂಗಳು. ಮುಚ್ಚಳವನ್ನೇ ತೆಳ್ಳಗೆ ಮಾಡಿಸಿ ಹೊಂದಿಸೋಣವೆಂದರೆ, ಅಂಥ ದೊಡ್ಡ ಮೆಷಿನ್ ಇರುವುದು ಒಂದೇ ಕಡೆ, ಅದೂ ಕೆಟ್ಟು ಕೂತಿದೆ. ಹುಟ್ಟುಹಬ್ಬಕ್ಕೆ ಉಳಿದದ್ದು ಎಂಟೇ ದಿನ.

"ನಾಲ್ಕಕ್ಕೂ ಒಂದೇ ಗತಿ ಕಾಣಿಸಬೇಕು ಸಾರ್," ಎಂದ ಮೇಸ್ತ್ರಿ. "ಇಲ್ದಿದ್ರೆ ಓಡುವಾಗ ಎಂಜಿನ್ನು ನಡುಗುತ್ತೆ."

ಹಾಗಾಗಿ ತೋಳು ನೆಟ್ಟಗಾಯಿತು, ನಾಲ್ಕನೆಯದರ ತಲೆಯೂ ಹೋಯಿತು. ಈ ಸಲ ಮೇಸ್ತ್ರಿ ಬರೆದುಕೊಡಿ ಎಂದು ಕೇಳಲಿಲ್ಲ. ಸಾಹೇಬರು ಕಣ್ಣನ್ನೂ ಮುಚ್ಚಲಿಲ್ಲ.

"ಓಡುತ್ತಾ?" ಎಂದು ಕೇಳಿದರು.

"ಓಡುತ್ತೆ ಸಾರ್. ಮೇಲೆ ಜಾಗ ಜಾಸ್ತಿ ಆಯ್ತಲ್ಲ, ಒತ್ತಡ ಕಮ್ಮಿ. ಮಟ್ಟಸ ರಸ್ತೇಲಿ ರಾಜನ ಹಾಗೆ ಹೋಗುತ್ತೆ. ಏರಲ್ಲಿ..." ಮೇಸ್ತ್ರಿ ಆಕಾಶ ನೋಡಿದ. "ಏರಲ್ಲಿ ನಾನು ಏನೂ ಹೇಳಲ್ಲ."

ಆ ಎಂಟು ದಿನ ಸಾಹೇಬರಿಗೆ ಅನ್ನ ಸೇರಲಿಲ್ಲ. ಅತ್ತೆ ಪೆಟ್ಟಿಗೆಯಿಂದ ತಿಳಿನೀಲಿ ಸೀರೆ ತೆಗೆದು ಇಸ್ತ್ರಿ ಮಾಡಿಸಿಟ್ಟಿದ್ದರು. ಎರಡು ಸಲ ಶೆಡ್ಡಿಗೆ ಬಂದು ಮುಂದಿನ ಸೀಟಿನ ಧೂಳು ತಾವೇ ಒರೆಸಿ ಹೋಗಿದ್ದರು. ಬಾಯಿ ಬಿಟ್ಟು ಕೇಳಿದ್ದು ಒಂದೇ, ಅದನ್ನೂ ನಾನು ಹಳ್ಳ ಹಿಡಿಸಿದೆನಲ್ಲ ಎಂದು ಸಾಹೇಬರಿಗೆ ಕೂತಲ್ಲಿ ನಿಂತಲ್ಲಿ ಕೊರೆತ. ಹೇಳಿಬಿಡಲೇ ಎಂದು ನಾಲ್ಕು ಸಲ ಅತ್ತೆಯ ಬಾಗಿಲ ತನಕ ಹೋದರು, ನಾಲ್ಕು ಸಲವೂ "ಕಾಫಿ ಕುಡಿದ್ರಾ?" ಎಂದು ಕೇಳಿ ಹಿಂದಿರುಗಿದರು. ಅಷ್ಟು ಕಾಫಿ ವಿಚಾರಣೆ ಯಾವ ಅಳಿಯನೂ ಮಾಡಿರಲಾರ.

ಹುಟ್ಟುಹಬ್ಬದ ಬೆಳಿಗ್ಗೆ ಕಾರು ಶೆಡ್ಡಿನಿಂದ ಹೊರಬಂತು. ಎರಡನೇ ಸಲಕ್ಕೇ ಎಂಜಿನ್ ಹತ್ತಿಕೊಂಡಿತು! ಶಬ್ದ ಎಷ್ಟು ಮೆದು ಅಂದರೆ ಪಕ್ಕದ ಮನೆಯ ಬೆಕ್ಕು ಬಾನೆಟ್ಟಿನ ಮೇಲಿಂದ ಇಳಿಯಲೇ ಇಲ್ಲ. ಸಾಹೇಬರು ಸ್ಟೀರಿಂಗ್ ಹಿಡಿದರು. ತಿಳಿನೀಲಿ ಸೀರೆಯ ಅತ್ತೆ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತರು. ಡಾಕ್ಟರಮ್ಮ ಹಿಂದೆ. ಭಾಮೈದ, ಬೆನ್ನ ಹಿಂದೆ ಲೇತ್ ಮೇಸ್ತ್ರಿಯನ್ನು ಕೂರಿಸಿಕೊಂಡು, ಸ್ಕೂಟರಿನಲ್ಲಿ ಮುಂದೆ ಹೊರಟ. ಮಾರುಕಟ್ಟೆ ಬೀದಿಯಲ್ಲಿ ಅಂಗಡಿಯವರೆಲ್ಲ ಹೊರಬಂದು ಕೈ ಬೀಸಿದರು. (ಮಿಲಿಗ್ರಾಂ ಸಾಹೇಬರು ಅಂಗಡಿಯ ಮುಂದೆ ನಿಲ್ಲಿಸದೆ ಹೋಗುತ್ತಿರುವುದಕ್ಕೂ ಖುಷಿ ಇರಬಹುದು.) ಮೇಸ್ತ್ರಿ ಹೇಳಿದಂತೆಯೇ ಮಟ್ಟಸ ರಸ್ತೆಯಲ್ಲಿ ಕಾರು ರಾಜನ ಹಾಗೆ ಹೋಯಿತು.

ಗುಡ್ಡದ ಬುಡ ಬಂತು. ಅಲ್ಲಿಂದ ಮೇಲಿನ ನೀರಿನ ಟ್ಯಾಂಕಿಗೆ ಆರು ನೂರ ನಲವತ್ತು ಮೀಟರ್ ಏರು. ಸಾಹೇಬರು ಹಿಂದಿನ ದಿನವೇ ಟೇಪು ಹಿಡಿದು ಅಳೆದಿದ್ದರು. ಅಳೆದದ್ದರಿಂದ ಅದೇನೂ ಕಡಿಮೆಯಾಗಿರಲಿಲ್ಲ. ನಲವತ್ತು ಮೀಟರ್ ಹತ್ತುವಷ್ಟರಲ್ಲಿ ಎಂಜಿನ್ ಉಬ್ಬಸ ಬಂದವರ ಹಾಗೆ ಏದುಸಿರು ಬಿಟ್ಟಿತು. ಐವತ್ತಕ್ಕೆ ನಿಂತೇಹೋಯಿತು. ಸಾಹೇಬರು ಬ್ರೇಕ್ ಒತ್ತಿ ಹಿಡಿದು ಅತ್ತೆಯತ್ತ ತಿರುಗಿದರು. ಕಣ್ಣಲ್ಲಿ ನೀರು ತುಂಬಿತ್ತು.

"ಅತ್ತೆ... ನನ್ನನ್ನ ಕ್ಷಮಿಸಿಬಿಡಿ. ಪಿಸ್ಟನ್ ತಲೆ ನಾನೇ ಕಡಿಸಿದ್ದು. ನನ್ನಿಂದಾನೇ ಇದಕ್ಕೆ ದಮ್ಮಿಲ್ಲ."

ಅತ್ತೆ ಏನೂ ಹೇಳುವ ಮೊದಲೇ ಹಿಂದಿನಿಂದ ಡಾಕ್ಟರಮ್ಮನ ಧ್ವನಿ ಬಂತು: "ಅಳೋದು ಆಮೇಲೆ ಅಳುವಿರಂತೆ. ರೀ, ನಿಮ್ಮ ತೂಕ ಎಷ್ಟು?"

ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿದ ಸಾಹೇಬರು ತಾವು ಮಾತ್ರ ಒಂದರ ಮೇಲೂ ನಿಂತವರಲ್ಲ. "ಎಪ್ಪತ್ತು... ಎಪ್ಪತ್ತೆರಡು ಇರಬಹುದು," ಎಂದರು.

"ತೊಂಬತ್ನಾಲ್ಕು. ನಿಮ್ಮ ಡಾಕ್ಟರ ಚೀಟಿ ನಾನು ನೋಡಿದ್ದೀನಿ. ಇಳೀರಿ."

"ನಾನಾ? ಕಾರು ಓಡಿಸೋರು ಯಾರು?"

"ನಾನು ಓಡಿಸ್ತೀನಿ. ನಾನು ಐವತ್ತೊಂದು. ಇಳೀರಿ ಅಂದ್ರೆ ಇಳೀರಿ, ಅಮ್ಮ ಕಾಯ್ತಿದ್ದಾರೆ."

ಸಾಹೇಬರು ಇಳಿದರು. ಡಾಕ್ಟರಮ್ಮ ಸ್ಟೀರಿಂಗ್ ಹಿಂದೆ ಬಂದು, ಎಂಜಿನ್ ಹತ್ತಿಸಿ, ಮೊದಲನೇ ಗೇರು ಹಾಕಿದರು. ಸಾಹೇಬರು ಹಿಂದಿನಿಂದ ಭುಜ ಕೊಟ್ಟು ನೂಕಿದರು. ಕಾರು ಒಂದು ಸಲ ಕೆಮ್ಮಿತು, ಕದಲಿತು, ಮೆಲ್ಲಗೆ ಹತ್ತತೊಡಗಿತು. ಅವರ ಭುಜ ಬಿಟ್ಟು, ಕೈ ಬಿಟ್ಟು, ಹತ್ತಿಯೇ ಹತ್ತಿತು. ಸಾಹೇಬರು ಹೊಗೆ ಕುಡಿಯುತ್ತ ರಸ್ತೆ ನಡುವೆ ನಿಂತು, ತಾವೇ ಕಟ್ಟಿದ ಎಂಜಿನ್ನು ತಮ್ಮನ್ನು ಬಿಟ್ಟು ತಿರುವಿನಲ್ಲಿ ಮರೆಯಾಗುವುದನ್ನು ನೋಡಿದರು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ನಡೆಯತೊಡಗಿದರು.

ಇಪ್ಪತ್ತೈದು ನಿಮಿಷದ ಮೇಲೆ, ಅಂಗಿ ಬೆನ್ನಿಗಂಟಿ, ನಾಲಿಗೆ ಒಣಗಿ ಅವರು ಗುಡ್ಡದ ತುದಿ ತಲುಪಿದಾಗ ಕಾರು ಟ್ಯಾಂಕಿನ ನೆರಳಿನಲ್ಲಿ ನಿಂತಿತ್ತು. ಅತ್ತೆ ಇನ್ನೂ ಮುಂದಿನ ಸೀಟಿನಲ್ಲೇ ಕೂತಿದ್ದರು. ಅಳುತ್ತಿರಬಹುದು ಎಂದುಕೊಂಡು ಸಾಹೇಬರು ಹತ್ತಿರ ಹೋದರು. ಅತ್ತೆ ನಗುತ್ತಿದ್ದರು. ಒಂಬತ್ತು ವರ್ಷದಲ್ಲಿ ಸಾಹೇಬರು ಆಕೆಯ ಹಲ್ಲು ನೋಡಿದ್ದು ಅದೇ ಮೊದಲು.

"ಮಾವನೋರ ನೆನಪು ಬಂತಾ ಅತ್ತೆ?"

"ಬರದೆ ಇರುತ್ತಾ? ಮೂವತ್ತೊಂದು ವರ್ಷ ಪ್ರತಿ ಭಾನುವಾರ ಇಲ್ಲಿಗೆ ಬರ್ತಿದ್ವಿ. ಪ್ರತಿ ಭಾನುವಾರ ಆ ಗುಡ್ಡದ ಬುಡದಲ್ಲಿ ನಿಲ್ಲಿಸಿ, 'ಇಳಿ ನೀನು, ಎಂಜಿನ್ನಿಗೆ ಭಾರ ಆಗುತ್ತೆ' ಅಂತಿದ್ರು. ಅವರು ಕೂತ್ಕೊಂಡು ಬರೋರು, ನಾನು ಹಿಂದೆ ಹೊಗೆ ಕುಡೀತಾ ನಡ್ಕೊಂಡು ಬರ್ತಿದ್ದೆ. ಒಂದೇ ಒಂದು ಸಲ ನಾನು ಕೂತು, ಗಂಡಸರು ಯಾರಾದ್ರೂ ನಡೆದು ಬರೋದನ್ನ ನೋಡಬೇಕು ಅಂತ ಆಸೆ ಇತ್ತು ಅಳಿಯಂದ್ರೇ. ಇವತ್ತು ತೀರಿತು. ನೀವು ನೂರು ವರ್ಷ ಚೆನ್ನಾಗಿರಿ."

ಡಾಕ್ಟರಮ್ಮ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಗುತ್ತಿದ್ದರು. ಭಾಮೈದ, "ಕಾರು ಹತ್ತಿದ್ರೆ ಅಂತ ಮಾತಾಗಿತ್ತು. ಭಾವ ಹತ್ತಿದ್ರೆ ಅಂತ ಅಲ್ವಲ್ಲ. ಕಾರು ನಿಮ್ಮದೇ," ಎಂದು ಒಪ್ಪಿಕೊಂಡು, ಮೇಸ್ತ್ರಿಯನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಕೆಳಗಿಳಿದು ಹೋದ.

ಸಾಹೇಬರ ಎದೆಯ ಮೇಲಿನ ಕಲ್ಲು ಇಳಿಯಿತು. ಉತ್ಸಾಹ ಉಕ್ಕಿ ಬಂತು. "ನಾಳೇನೇ ಹೊಸ ಪಿಸ್ಟನ್‌ಗಳಿಗೆ ಬರೀತೀನಿ ಅತ್ತೆ! ಈ ಸಲ ಒಂದು ಪಾಯಿಂಟ್ ಎರಡು ಮೇಲಕ್ಕೇ ಕೂರಿಸ್ತೀನಿ. ಆಮೇಲೆ ನೋಡಿ, ಎಲ್ಲರೂ ಒಟ್ಟಿಗೆ ಕೂತು ಬರಬಹುದು."

"ಬೇಡಿ," ಎಂದರು ಅತ್ತೆ. ಮರ್ಯಾದಸ್ಥೆಯ ದನಿಯಲ್ಲಿ ಯಾರೂ ಕೇಳಿರದ ಗತ್ತು ಬಂದಿತ್ತು. "ಪಿಸ್ಟನ್ನು ಯಾರೂ ಮುಟ್ಟಕೂಡದು. ಹೀಗೇ ಇರಲಿ, ಚೆನ್ನಾಗಿದೆ. ಬರೋ ಭಾನುವಾರ ಮತ್ತೆ ಬರೋಣ."

"ಪ್ರತಿ ಭಾನುವಾರಾನೂ ಬರೋಣಮ್ಮ," ಎಂದರು ಡಾಕ್ಟರಮ್ಮ. "ಇವರಿಗೂ ನಡೆಯೋದು ಒಳ್ಳೇದು."

ಸಾಹೇಬರು ಹಣೆ ಒರೆಸಿಕೊಂಡರು. ವಾದ ಮಾಡುವ ಶಕ್ತಿ ಕಾಲಿನಲ್ಲೂ ಇರಲಿಲ್ಲ, ನಾಲಿಗೆಯಲ್ಲೂ ಇರಲಿಲ್ಲ. ಹೋಗಲಿ, ಇನ್ನು ಬರೀ ಇಳಿಜಾರು, ಎಂಜಿನ್ನಿಗೆ ಏನು ಭಾರ? ಹಾಯಾಗಿ ಕಾಲು ಚಾಚಿ ಕೂರಬಹುದು ಎಂದುಕೊಂಡು ಹಿಂದಿನ ಬಾಗಿಲು ತೆರೆದು, ಒಂದು ಕಾಲು ಒಳಗಿಟ್ಟರು.

ಮುಂದಿನ ಸೀಟಿನಿಂದ ಅತ್ತೆ ಹಿಂದಿರುಗಿ ನೋಡಿದರು.

"ಅಳಿಯಂದ್ರೇ, ಇಳಿಯೋವಾಗ ಬ್ರೇಕಿಗೆ ಭಾರ ಆಗುತ್ತೆ ಅಂತ ಅವರು ನನ್ನನ್ನ ಕೆಳಗಿನ ತನಕಾನೂ ನಡೆಸ್ತಿದ್ರು."

ಸಾಹೇಬರು ಒಳಗಿಟ್ಟ ಕಾಲನ್ನು ಹೊರಗೆ ತೆಗೆದು, ಶಬ್ದವಾಗದಂತೆ ಬಾಗಿಲು ಮುಚ್ಚಿದರು.